ಕುಶಾಲನಗರದ ನೆರೆಗೆ ಮೇಲಿನ ಬೆಟ್ಟ ಅಗೆದದ್ದೇ ಕಾರಣವೇ?

ಪರ

2018ರ ಆಗಸ್ಟ್‌ನಲ್ಲಿ ಕುಶಾಲನಗರದ ನಮ್ಮ ಮನೆಯೊಳಗೆ ಕಾವೇರಿ ಸೊಂಟದ ಮಟ್ಟಕ್ಕೆ ನಿಂತಿತ್ತು. ಅಕ್ಕಿಯ ಡಬ್ಬದೊಳಗೂ ಕೆಂಪು ಕೆಸರು. ಅದನ್ನು ಬರೀ ಮಳೆಯ ಆಟವೆಂದು ನಾನು ಒಪ್ಪಲಾರೆ.

ಮಡಿಕೇರಿಯ ಸುತ್ತ ರಸ್ತೆಗೆ, ಹೋಂ ಸ್ಟೇಗೆ ಬೆಟ್ಟದ ಬುಡವನ್ನು ಜೆಸಿಬಿಯಿಂದ ಗೋಡೆಯಂತೆ ಕೊರೆದರು. ಆ ವರ್ಷ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿ, ಮಣ್ಣೆಲ್ಲ ಕಾವೇರಿಯ ಉಪನದಿ ಹಾರಂಗಿಯ ಜಲಾಶಯದ ಒಡಲಿಗೆ ಇಳಿಯಿತು. ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ, ಗೇಟು ತೆರೆಯುವುದು ಬೇಗ.

ನನ್ನ ಸಂಕಟ ಹೆಚ್ಚಿರುವುದು ಗದ್ದೆಯ ವಿಷಯದಲ್ಲಿ. ಕಾವೇರಿಯ ಮೇಲ್ಭಾಗದಲ್ಲಿರುವ ನಾಪೋಕ್ಲು ಕಡೆಯ ನಮ್ಮ ಊರಿನ ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳಿದ್ದವು. ನಾಟಿಯಾದ ಮೇಲೆ ಮಳೆ ಹಿಡಿದರೆ ಅಜ್ಜ ಕಂಬಳಿಕೊಪ್ಪೆ ಹೊದ್ದು, ಹಾರೆ ಹೆಗಲಿಗಿಟ್ಟು ಬದುವಿನ ಮೇಲೆ ನಡೆಯುತ್ತಿದ್ದರು. ಕಂಡಿಗೆ ಹುಲ್ಲುಹೆಂಟೆ ಇಟ್ಟು ಹಿಮ್ಮಡಿಯಿಂದ ಒತ್ತುತ್ತಿದ್ದರು. ಮೇಲಿನ ಗದ್ದೆ ತುಂಬುವವರೆಗೆ ಕೆಳಗಿನದಕ್ಕೆ ನೀರಿಲ್ಲ. ಸಂಜೆ ಸುರಿದ ಮಳೆಗೆ ತೋಡು, ಅಂದರೆ ಕೆಳಗಿನ ಹಳ್ಳ, ಕೆಂಪಾಗುತ್ತಿದ್ದದ್ದು ಮರುದಿನ ಬೆಳಗ್ಗೆ. ಈಗ ಅರ್ಧ ಗದ್ದೆ ಪಾಳು, ಉಳಿದದ್ದಕ್ಕೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದ್ದಾರೆ. ಅದೇ ತೋಡು ಮಳೆ ಬಿದ್ದ ತಾಸಿನೊಳಗೆ ಮೊರೆಯುತ್ತದೆ.

1924ರಲ್ಲೂ ನೆರೆ ಬಂದಿತ್ತಲ್ಲ ಎನ್ನುವವರಿದ್ದಾರೆ. ನೂರು ವರ್ಷದ ಹಿಂದಿನ ಮಾತು ಹಿಡಿದು ಇಂದಿನ ಜೆಸಿಬಿಗೆ ದಾರಿ ಬಿಡುವುದು ಅನ್ಯಾಯ. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಸರ್ಕಾರ ಎಕರೆಗೆ ಇಷ್ಟೆಂದು ವರ್ಷವರ್ಷ ಹಣ ಕೊಡಲಿ.

ವಿರೋಧ

ಈ ಪಕ್ಷ ವಹಿಸಿ ಬರೆಯಲು ನನ್ನನ್ನು ಕೇಳಿದರು. ಬೆಟ್ಟ ಕೊರೆಯುವುದನ್ನು ನಾನೂ ಒಪ್ಪುವುದಿಲ್ಲ. ಆದರೂ ನೆರೆಯ ಹೊಣೆಯನ್ನೆಲ್ಲ ಮೇಲೆ ಬೆಟ್ಟದಲ್ಲಿರುವವರ ತಲೆಗೆ ಕಟ್ಟುವುದು ಸರಿಯಲ್ಲ.

1924ರ ಜುಲೈನಲ್ಲಿ ಕಾವೇರಿ ಉಕ್ಕಿದಾಗ ಕೊಡಗಿನಲ್ಲಿ ಜೆಸಿಬಿ ಇರಲಿಲ್ಲ. ದಿನಗಟ್ಟಲೆ ಮಳೆ ಹಿಡಿದರೆ ಕಾಡಿನ ನೆಲವೂ ನೆನೆದು ತುಂಬುತ್ತದೆ, ಆಮೇಲೆ ಬಿದ್ದದ್ದೆಲ್ಲ ಹೊಳೆಗೇ. ಮರ ನೆಟ್ಟರೆ ನೆರೆಯೇ ಬಾರದು ಎನ್ನುವವರು ಮಳೆಗಾಲದ ಭಾಗಮಂಡಲಕ್ಕೆ ಬರಲಿ: ಮೇಲೆ ಬ್ರಹ್ಮಗಿರಿಯ ಕಾಡು, ಕೆಳಗೆ ಮುಳುಗಿದ ತ್ರಿವೇಣಿ ಸಂಗಮ.

ಹಾರಂಗಿ ಹಿಡಿಯುವುದು 8.5 ಟಿಎಂಸಿ. ತುಂಬಿದ ಮೇಲೆ ಬಿಟ್ಟ ನೀರು ಕುಶಾಲನಗರದಿಂದ ಕೆಳಗಿನ ಕೂಡಿಗೆಯಲ್ಲಿ ಕಾವೇರಿಗೆ ಎದುರಾಗಿ, ಅದನ್ನು ಹಿಂದಕ್ಕೆ ಒತ್ತುತ್ತದೆ. ಕುಶಾಲನಗರದ ಬಡಾವಣೆಗಳು ಎದ್ದಿರುವುದೋ ಹೊಳೆ ಮೈಚಾಚುತ್ತಿದ್ದ ತಗ್ಗಿನಲ್ಲಿ. ಹಿಂದೊಮ್ಮೆ ಅಲ್ಲಿ ನಿವೇಶನ ನೋಡಲು ಹೋಗಿದ್ದೆ. ಬೇಲಿಯ ಕಂಬಗಳಿಗೆ ನನ್ನ ಎದೆಯ ಮಟ್ಟದಲ್ಲಿ ಒಣಹುಲ್ಲು, ಕಸಕಡ್ಡಿ ಸುತ್ತಿಕೊಂಡಿದ್ದವು. ಇದೇನೆಂದು ಕೇಳಿದೆ. ಮಾರುವವನು ರಸ್ತೆಯ ಅಗಲದ ಮಾತು ತೆಗೆದ. ನಾನು ಮುಂಗಡ ಕೊಡದೆ ಹಿಂದಿರುಗಿದೆ.