ಲಾಕ್ ಹಾಕಿದ್ದು ಯಾರು?

ಶಿರಸಿ ಕಡೆಯವರು ಜುಲೈ ತಿಂಗಳಲ್ಲಿ ಹೊಸ ಕೆಲಸ ಶುರು ಮಾಡಬಾರದು. ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ. ಗೊತ್ತಿದ್ದೂ ನಾನು ನಮ್ಮ ಲಿನಕ್ಸ್‌ನ ಪ್ಯಾಕೇಜ್ ರಿಪಾಸಿಟರಿಗೆ (ತಂತ್ರಾಂಶದ ಉಗ್ರಾಣಕ್ಕೆ) ಹೊಸ ಅಪ್‌ಲೋಡ್ ಸ್ಕ್ರಿಪ್ಟ್ ಹಾಕಲು ಅಂಥದ್ದೇ ಒಂದು ಶನಿವಾರ ಕೂತೆ.

ನಮ್ಮ ಲಿನಕ್ಸ್ ಅಂದರೆ, ಕಂಪ್ಯೂಟರ್ ನಡೆಸುವ ನಮ್ಮದೇ ಒಂದು ವ್ಯವಸ್ಥೆ, ದೊಡ್ಡದೇನಲ್ಲ. ಡೆಬಿಯನ್ ಎಂಬ ಲಿನಕ್ಸನ್ನು ಬುಡಕ್ಕೆ ಇಟ್ಟುಕೊಂಡು ಐದಾರು ಜನ ಬಿಡುವಿನಲ್ಲಿ ಮಾಡುವಂಥದ್ದು. 2023ರ ಮೇ ತಿಂಗಳಲ್ಲಿ ಆರ್ಚ್ ಲಿನಕ್ಸ್‌ನವರು ಎಸ್‌ವಿಎನ್ ಬಿಟ್ಟು ಗಿಟ್‌ಗೆ ಹೋಗುವಾಗ (ಎರಡೂ ಕೋಡ್ ಇಟ್ಟುಕೊಳ್ಳುವ ವ್ಯವಸ್ಥೆಗಳು) ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ಎತ್ತಿಟ್ಟಿದ್ದರು, ಎಲ್ಲರಿಗೂ ಮೊದಲೇ ಹೇಳಿಯೂ ಇದ್ದರು. ನಾನು ಎತ್ತಿಟ್ಟಿದ್ದು ತಿಂಡಿಗೂ ಊಟಕ್ಕೂ ನಡುವಿನ ಹೊತ್ತು. ಹೇಳಿದ್ದು ಆಯಿಗೆ ಮಾತ್ರ, ಅದೂ ಮಿಕ್ಸರ್ ಹಾಕಬೇಡ ಎಂದು.

ಹಳೇ ಸ್ಕ್ರಿಪ್ಟ್ ಒಂದೇ ಉದ್ದದ ಫೈಲು. ನೋಡಲು ಅಸಹ್ಯ, ಆದರೆ ಕೆಲಸ ಮಾಡುತ್ತಿತ್ತು. ನಾನು ಅದನ್ನು ಚೆಂದ ಮಾಡಲು ಹೊರಟೆ. ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ಫೈಲು ಮಾಡಿ, ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ ರನ್‌ಪಾರ್ಟ್ಸ್ ಕೈಗೆ ಕೊಟ್ಟೆ. ಅದು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲೇ ಫೈಲುಗಳನ್ನು ಓಡಿಸುತ್ತದೆ. ಯಾವ ಯಾವ ಪ್ಯಾಕೇಜು ಇದೆ ಎಂಬ ಪಟ್ಟಿಯನ್ನು ಸರ್ವರಿಗೆ ಕಳಿಸುವ ಫೈಲಿಗೆ ಇಂಡೆಕ್ಸ್ ಎಂದು ಹೆಸರಿಟ್ಟಿದ್ದೆ, ಪ್ಯಾಕೇಜ್ ಕಳಿಸುವುದಕ್ಕೆ ಪೂಲ್ ಎಂದು. ಐ ಮೊದಲು, ಪಿ ಆಮೇಲೆ. ಅಲ್ಲಿಗೆ ಮುಗಿಯಿತು.

ಡೆಬಿಯನ್ ಮಿರರ್‌ಗಳು (ನಕಲು ಸರ್ವರುಗಳು) ಎರಡು ಸುತ್ತಿನಲ್ಲಿ ಸಿಂಕ್ ಆಗುವುದು ಸುಮ್ನೆ ಅಲ್ಲ. ಮೊದಲ ಸುತ್ತಿಗೆ ಪ್ಯಾಕೇಜುಗಳು ಬರಬೇಕು, ಎರಡನೇ ಸುತ್ತಿಗೆ ಪಟ್ಟಿ, ಹಳೇದನ್ನು ಅಳಿಸುವುದು ಕಟ್ಟಕಡೆಗೆ. ನಮ್ಮಲ್ಲಿ ಹೊಸ ಪಟ್ಟಿ ಸರ್ವರಿಗೆ ಹೋಗಿ ಕೂತಿತು, ಪ್ಯಾಕೇಜು ಹೊರಡುವಷ್ಟರಲ್ಲಿ ಕರೆಂಟು ಹೋಯಿತು, ಮೋಡೆಮ್ ಆರಿತು, ಅದರ ಜೊತೆ ಸರ್ವರಿಗೆ ನನ್ನನ್ನು ಜೋಡಿಸಿದ್ದ ಎಸ್‌ಎಸ್‌ಎಚ್ ಕೂಡ. ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಟಿಮಕ್ಸ್ ಒಳಗೆ ಓಡಿಸಿ ಎಂದು ಊರಿಗೆಲ್ಲ ಪಾಠ ಹೇಳುವವನು ನಾನೇ.

ಅರ್ಧ ಗಂಟೆ ಬಿಟ್ಟು ಕರೆಂಟು ಬಂತು. ಅಷ್ಟರಲ್ಲಿ ಫೋನಿನ ತುಂಬ ಬಳಕೆದಾರರ ದೂರು. ಪ್ಯಾಕೇಜ್ ಇಳಿಸಿಕೊಡುವ ಆಪ್ಟ್ ಪಟ್ಟಿ ನೋಡಿಕೊಂಡು ಪ್ಯಾಕೇಜ್ ಕೇಳುತ್ತದೆ, ಸರ್ವರ್ 404, ಅಂದರೆ ಇಲ್ಲ, ಅನ್ನುತ್ತದೆ. ಗಡಿಬಿಡಿಯಲ್ಲಿ ಸ್ಕ್ರಿಪ್ಟ್ ಮತ್ತೆ ಓಡಿಸಿದೆ. ಉತ್ತರ ಬಂತು: "ಈಗಾಗಲೇ ಒಬ್ಬರು ಅಪ್‌ಲೋಡ್ ಮಾಡುತ್ತಿದ್ದಾರೆ, ದಯವಿಟ್ಟು ಕಾಯಿರಿ." ಯಾರೋ ಪುಣ್ಯಾತ್ಮರು ಸರಿ ಮಾಡುತ್ತಿದ್ದಾರೆ ಎಂದು ಖುಷಿಯಾಗಿ ಇಪ್ಪತ್ತು ನಿಮಿಷ ಕಾದೆ. ಚಾ ಕುಡಿದೆ. ಆಮೇಲೆ ಸಿಟ್ಟು ಬಂದು ನಮ್ಮ ತಂಡದ ಕಾರವಾರದ ಗೆಳೆಯನಿಗೆ ಫೋನ್ ಮಾಡಿ, ಎಷ್ಟು ಹೊತ್ತೋ ನಿಂದು ಎಂದು ಜೋರು ಮಾಡಿದೆ.

"ಮಾರಾಯಾ, ನಾ ಇಲ್ಲಿ ಒಣಮೀನು ಚೌಕಾಸಿ ಮಾಡ್ತಾ ಇದ್ದೇನೆ. ಲ್ಯಾಪ್‌ಟಾಪ್ ಮನೇಲಿದೆ."

ಒಬ್ಬರು ಅಪ್‌ಲೋಡ್ ಮಾಡುವಾಗ ಇನ್ನೊಬ್ಬರು ನುಗ್ಗದಂತೆ ಸ್ಕ್ರಿಪ್ಟು ಒಂದು ಲಾಕ್ ಫೈಲು ಇಡುತ್ತದೆ. ಆ ಲಾಕ್ ಹಾಕಿದ್ದು ನಾನೇ. ಕರೆಂಟು ಹೋದಾಗ ಸತ್ತ ಸ್ಕ್ರಿಪ್ಟು ಬೀಗ ತೆಗೆಯದೇ ಸತ್ತಿತ್ತು. ದಯವಿಟ್ಟು ಎಂಬ ಮರ್ಯಾದೆಯ ಮಾತೂ ನಾನೇ ಬರೆದದ್ದು.

ಅಷ್ಟರಲ್ಲಿ ಕರೆಂಟು ಮತ್ತೆ ಹೋಯಿತು. ಫೋನಿನ ನೆಟ್ ಸರಿಯಾಗಿ ಹಿಡಿಯುವುದು ಮನೆ ಹಿಂದಿನ ಗುಡ್ಡದ ತುದಿಯಲ್ಲಿ. ಕಂಬಳಿ ಕೊಪ್ಪೆ ಹೊದ್ದು, ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹತ್ತಿದೆ. ಬಂಡೆ ಮೇಲೆ ಕೂತು, ಕೊಪ್ಪೆಯೊಳಗೇ ಪರದೆ ತೆರೆದು, ಲಾಕ್ ಫೈಲು ಅಳಿಸಿ, ಮೊದಲು ಪೂಲ್, ಆಮೇಲೆ ಇಂಡೆಕ್ಸ್ ಎಂದು ಕೈಯಿಂದಲೇ ಓಡಿಸಿದೆ. ಕಂಬಳಿಯ ತುದಿಯಿಂದ ಒಂದೊಂದೇ ಹನಿ ಸರಿಯಾಗಿ ಎಂಟರ್ ಕೀ ಮೇಲೆ ಬೀಳುತ್ತಿತ್ತು. ಒರೆಸಿದರೆ ಎಂಟರ್ ಒತ್ತಿ ಹೋಗುತ್ತದೆ, ಒರೆಸದಿದ್ದರೆ ನೀರು ಒಳಗೆ ಹೋಗುತ್ತದೆ. ಎರಡು ಉಂಬಳ (ಜಿಗಣೆ) ಹಿಮ್ಮಡಿಯ ಮೇಲೆ ನಿಧಾನ ದಪ್ಪಗಾಗುತ್ತಿದ್ದವು. ಕೀಳಲು ಕೈ ಬಿಡುವಿರಲಿಲ್ಲ.

ಕೆಳಗೆ ಬಂದಾಗ ಅಪ್ಪಯ್ಯ ಕವಳದ ಸಂಚಿಯಿಂದ ಸುಣ್ಣ ತೆಗೆದುಕೊಟ್ಟ. ಉಂಬಳಕ್ಕೆ ಹಚ್ಚುತ್ತಾ ಕಥೆ ಹೇಳಿದೆ. ನಲವತ್ತು ವರ್ಷದಿಂದ ಅಡಿಕೆಯ ಚಾಲಿ, ರಾಶಿ, ಬೆಟ್ಟೆ ಬೇರೆ ಬೇರೆ ಚೀಲ ತುಂಬಿ ಪೇಟೆಗೆ ಕಳಿಸಿದವ ಕೇಳಿದ್ದು ಒಂದೇ ಮಾತು: "ಚೀಲ ಬಪ್ಪಕ್ಕಿಂತ ಮುಂಚೆನೇ ಪಟ್ಟಿ ಬರದ್ಯನಾ ತಮಾ?"

ರಾತ್ರಿ ಫೈಲುಗಳ ಹೆಸರಿನ ಮುಂದೆ 10, 20, 30 ಎಂದು ನಂಬರು ಹಾಕಿದೆ. ಲಾಕ್ ಹಾಕಿದವರ ಹೆಸರೂ ಪರದೆ ಮೇಲೆ ಬರುವಂತೆ ಮಾಡಿ ಕಾರವಾರಕ್ಕೆ ತಿಳಿಸಿದೆ. ಉತ್ತರ ಬಂತು: "ನಿನ್ನ ಫೋನಿನ ಗಲಾಟೆಯಲ್ಲಿ ಒಣಮೀನಿಗೆ ಜಾಸ್ತಿ ಕೊಟ್ಟು ಬಂದೆ. ಅದನ್ನ ಯಾರ ಹೆಸರಲ್ಲಿ ಬರೀಲಿ?"