ನಾಯಿ ಒಬ್ಬರದು, ಚೈನು ಇನ್ನೊಬ್ಬರ ಕೈಲಿ: ಕಚ್ಚಿದರೆ ಹೊಣೆ ಯಾರದು?

ಮನೆಯವರು ಐದು ದಿನ ಊರಲ್ಲಿಲ್ಲ. ನಾಯಿಯನ್ನು ಪೆಟ್ ಸಿಟರ್, ಅಂದರೆ ದುಡ್ಡು ತೆಗೆದುಕೊಂಡು ಸಾಕುಪ್ರಾಣಿ ನೋಡಿಕೊಳ್ಳುವವರು, ಒಬ್ಬರ ಹತ್ತಿರ ಬಿಟ್ಟು ಹೋಗಿದ್ದಾರೆ. ಮೂರನೇ ದಿನ ಸಂಜೆ ವಾಕಿಂಗ್ ಹೋದಾಗ ಅದು ದಾರಿಯಲ್ಲಿ ಹೋಗುತ್ತಿದ್ದವರ ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ, ಅನುಭವಿಸಿದ ನೋವು. ಇದನ್ನೆಲ್ಲ ಯಾರು ತುಂಬಿಕೊಡಬೇಕು? ಮಾಲೀಕರೇ ಎನ್ನುವ ವಾದ ಮೊದಲು, ಅಲ್ಲ ಎನ್ನುವ ವಾದ ಆಮೇಲೆ. ಎರಡನ್ನೂ ನಾನೇ ಬರೆದಿದ್ದೇನೆ. ನನ್ನ ಮನಸ್ಸು ಯಾವ ಕಡೆ ವಾಲಿದೆ ಅಂತ ಓದುವಾಗ ಗೊತ್ತಾಗಿಬಿಡುತ್ತದೆ, ಮುಚ್ಚಿಡುವುದಿಲ್ಲ.

ಪರ: ಮಾಲೀಕರೇ ಹೊಣೆ

ಕಚ್ಚಿಸಿಕೊಂಡವರ ಕಡೆಯಿಂದ ನೋಡೋಣ. ಚೈನು ಹಿಡಿದವರು ಯಾರು, ಅವರಿಗೂ ಮಾಲೀಕರಿಗೂ ಏನು ಮಾತಾಗಿತ್ತು, ಇದೊಂದೂ ಅವರಿಗೆ ಬೇಕಿಲ್ಲ. ಗಾಯವನ್ನು ಸೋಪು ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಬೇಕು. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದೆಯಾ ಅನ್ನುವುದು. ಲಸಿಕೆ ಕಾರ್ಡು ಮಾಲೀಕರ ಮನೆಯ ಡ್ರಾಯರಿನಲ್ಲಿದೆ. ಆಮೇಲೆ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು, ಅದು ಆರೋಗ್ಯವಾಗಿಯೇ ಇದೆಯಾ ಅಂತ. ಸಿಟರ್ ಕೆಲಸ ಇನ್ನೆರಡು ದಿನಕ್ಕೆ ಮುಗಿಯುತ್ತದೆ. ಉಳಿದ ಎಂಟು ದಿನ ನಾಯಿ ಇರುವುದು ಮಾಲೀಕರ ಮನೆಯಲ್ಲೇ. ಅಂದಮೇಲೆ ಎಲ್ಲದಕ್ಕೂ ಸಿಗಬೇಕಾದವರು ಅವರೇ ಅಲ್ವಾ?

ಇನ್ನು ಯಾರಿಗೆ ಏನು ಗೊತ್ತಿತ್ತು ಅನ್ನುವ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ಸುಮಾರು 3,700 ವರ್ಷ ಹಿಂದಿನ, ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲಿ ಹಾಯುವ ಎತ್ತಿನ ಮಾತು ಬರುತ್ತದೆ. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ಇದ್ದಕ್ಕಿದ್ದಂತೆ ಹಾಯ್ದು ಯಾರಾದರೂ ಸತ್ತರೆ ದಾವೆ ಇಲ್ಲ. ಆದರೆ ಅದು ಹಾಯುವ ಎತ್ತು ಎಂದು ಮೊದಲೇ ತಿಳಿಸಿದ್ದರೂ ಯಜಮಾನ ಕೊಂಬಿಗೆ ಏನೂ ಮಾಡದೆ, ಕಟ್ಟಿಹಾಕದೆ ಬಿಟ್ಟಿದ್ದರೆ ಬೆಳ್ಳಿ ತೆರಬೇಕು. ಎತ್ತಿನ ಜಾಗದಲ್ಲಿ ನಾಯಿ ಇಟ್ಟು ನೋಡಿ. ಊಟದ ತಟ್ಟೆಯ ಹತ್ತಿರ ಕೈ ತಂದರೆ ಗುರ್ ಅನ್ನುತ್ತದೆ. ಓಡುವ ಮಕ್ಕಳನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ಹೋದ ವರ್ಷ ಮನೆಗೆ ಬಂದ ನೆಂಟರಿಗೆ ‘ಸುಮ್ನೆ ಹಲ್ಲು ತಾಗಿಸಿತ್ತು’. ವರ್ಷಗಟ್ಟಲೆ ಜೊತೆಗಿದ್ದವರಿಗೆ ಇದೆಲ್ಲ ಗೊತ್ತು. ಸಿಟರ್‌ಗೆ ಸಿಕ್ಕಿದ್ದು ಒಂದೇ ಮಾತು: ‘ಅದು ಏನೂ ಮಾಡಲ್ಲ.’ ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯ ಜೊತೆ ಈ ಮಾತನ್ನೂ ಗಂಟು ಕಟ್ಟಿ ಎಲ್ಲಾದರೂ ಇಡಬೇಕು.

ಸಂಭಾವಿತ ನಾಯಿಯೇ ಇರಲಿ. ಅದನ್ನು ಹೊಸ ಮನೆ, ಹೊಸ ವಾಸನೆ, ಹೊಸ ಮನುಷ್ಯರ ನಡುವೆ ಬಿಟ್ಟರೆ ಹೆದರುತ್ತದೆ. ಹೆದರಿದ ನಾಯಿ ಕಚ್ಚುವ ಸಾಧ್ಯತೆ ಜಾಸ್ತಿ. ಹಾಗೆ ಬಿಟ್ಟು ಹೋಗುವ ತೀರ್ಮಾನ ಯಾರದು? ಮಾಲೀಕರದು.

ಕೆಲವು ಕಡೆ ಕಾನೂನು ಇನ್ನೂ ಬಿಗಿ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ನ 3342ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಾಯಿ ಕಚ್ಚಿದರೆ ಮಾಲೀಕರೇ ಹೊಣೆ. ಅದು ಹಿಂದೆ ಕಚ್ಚಿತ್ತಾ, ಅದು ಅವರಿಗೆ ಗೊತ್ತಿತ್ತಾ ಅಂತ ಕೇಳುವುದೇ ಇಲ್ಲ. ಜರ್ಮನಿಯ ಸಿವಿಲ್ ಕೋಡ್‌ನ 833ನೇ ಕಲಂ ಕೂಡ ಸಾಕುನಾಯಿ ಮಾಡಿದ ಹಾನಿಯನ್ನು ಅದನ್ನು ಸಾಕಿದವರ ತಲೆಗೇ ಹಾಕುತ್ತದೆ. ಸಿಟರ್ ತಪ್ಪು ಮಾಡಿದ್ದರೆ ಮಾಲೀಕರು ಮೊದಲು ದುಡ್ಡು ಕೊಡಲಿ, ಆಮೇಲೆ ಸಿಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಅವರಿಬ್ಬರ ಜಗಳ ಮುಗಿಯುವವರೆಗೆ ಬ್ಯಾಂಡೇಜ್ ಕಟ್ಟಿಕೊಂಡವರು ಯಾಕೆ ಕಾಯಬೇಕು?

ವಿರೋಧ: ಚೈನು ಹಿಡಿದವರೇ ಹೊಣೆ

ಕಾರ್ಡು, ಡ್ರಾಯರು ಎಲ್ಲ ಸರಿ. ಆದರೆ ಆ ಸಂಜೆ ಏನು ನಡೆಯಿತು ಅಂತ ಮೇಲಿನ ವಾದ ಎಲ್ಲೂ ಕೇಳಲಿಲ್ಲ.

ನಾನು ಕೇಳುತ್ತೇನೆ. ಸಿಟರ್ ಒಟ್ಟಿಗೆ ಎಷ್ಟು ನಾಯಿಗಳನ್ನು ಹಿಡಿದಿದ್ದರು? ಒಂದು ಕೈಯಲ್ಲಿ ಫೋನ್ ಇತ್ತಾ? ಚೈನು ಉದ್ದಕ್ಕೆ ಬಿಟ್ಟಿದ್ದರಾ, ಇಲ್ಲ ಪಾರ್ಕಿನಲ್ಲಿ ‘ಐದು ನಿಮಿಷ ಓಡಾಡಲಿ’ ಅಂತ ಬಿಚ್ಚೇಬಿಟ್ಟಿದ್ದರಾ? ಪಕ್ಕದಲ್ಲಿದ್ದ ಮಗುವಿನ ಕೈಗೆ ‘ಹಿಡ್ಕೋ’ ಅಂತ ಕೊಟ್ಟಿದ್ದರಾ? ನಾಯಿ ಮೈ ಬಿಗಿ ಮಾಡಿ, ಕಿವಿ ಹಿಂದಕ್ಕೆ ಎಳೆದುಕೊಂಡು, ಗುರುಗುಟ್ಟಿದ್ದು ಗಮನಕ್ಕೆ ಬಂತಾ? ಎಷ್ಟೋ ಸಲ ಕಚ್ಚುವ ಮೊದಲು ನಾಯಿ ಹೀಗೇ ಸೂಚನೆ ಕೊಡುತ್ತದೆ. ಅದನ್ನು ಓದುವುದೇ ಸಿಟರ್ ಕಸುಬು, ಸಂಬಳ ತೆಗೆದುಕೊಳ್ಳುವುದೂ ಅದಕ್ಕೇ. ನೂರಾರು ಮೈಲಿ ದೂರದಲ್ಲಿ ಮದುವೆ ಮನೆಯಲ್ಲಿ ಕೂತ ಮಾಲೀಕರು ಆ ಕ್ಷಣದಲ್ಲಿ ಏನು ಮಾಡಲು ಸಾಧ್ಯವಿತ್ತು?

ಫ್ರಾನ್ಸಿನ ಸಿವಿಲ್ ಕೋಡ್ 1804ರಲ್ಲೇ ಇದನ್ನು ಗುರುತಿಸಿತ್ತು. ಪ್ರಾಣಿಯ ಮಾಲೀಕ ಹೊಣೆ, ಇಲ್ಲವೇ ಅದನ್ನು ಬಳಸುತ್ತಿರುವವನು, ಬಳಸುತ್ತಿರುವಷ್ಟು ಹೊತ್ತು ಹೊಣೆ. ಈಗ ಅದು 1243ನೇ ಕಲಂ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಓದಿದರೂ ಗೊತ್ತಾಗುತ್ತದೆ. ಅಪಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದ ತಪ್ಪಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಆದರೆ ಅಲ್ಲಿ ‘ಮಾಲೀಕ’ ಅನ್ನುವ ಪದ ಇಲ್ಲ. ಪ್ರಾಣಿ ಯಾರ ಸ್ವಾಧೀನದಲ್ಲಿದೆ ಅನ್ನುವುದೇ ಅಲ್ಲಿನ ಮಾತು.

ಗುಣ ಮುಚ್ಚಿಟ್ಟರು ಅನ್ನುವ ಆರೋಪಕ್ಕೆ ಬರುತ್ತೇನೆ. ಹಿಂದೆ ಕಚ್ಚಿದ್ದನ್ನು ಬೇಕಂತಲೇ ಹೇಳದೆ ಬಿಟ್ಟಿದ್ದರೆ ನಾನೂ ಮಾಲೀಕರ ಪರ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2006ರಲ್ಲಿ ಒಂದು ಕೇಸಿನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿತು. ನಾಯಿಗಳನ್ನು ಇಟ್ಟುಕೊಳ್ಳುವ ಕೆನಲ್ ಒಂದರ ಕೆಲಸಗಾರ್ತಿಗೆ ಅಲ್ಲಿ ಬಿಟ್ಟಿದ್ದ ನಾಯಿಯೇ ಕಚ್ಚಿತ್ತು. ಈ ಕೆಲಸದಲ್ಲಿ ಕಡಿತದ ಅಪಾಯ ಇದ್ದದ್ದೇ, ಅದನ್ನು ಒಪ್ಪಿಯೇ ಕೆಲಸಕ್ಕೆ ಬಂದಿರುತ್ತಾರೆ, ಹಾಗಾಗಿ 3342ನೇ ಸೆಕ್ಷನ್ ಹಿಡಿದು ಮಾಲೀಕರಿಂದ ಪರಿಹಾರ ಕೇಳುವ ಹಾಗಿಲ್ಲ ಅಂದಿತು ಕೋರ್ಟು. ನಾಯಿ ಅಪಾಯಕಾರಿ ಅಂತ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಮಾತ್ರ ಬೇರೆ. ಆಕೆಯ ಮೇಲೆ ನನಗೆ ಕನಿಕರವಿದೆ, ತೀರ್ಪು ಸ್ವಲ್ಪ ಒರಟು ಅಂತಲೂ ಅನ್ನಿಸುತ್ತದೆ. ಆದರೆ ದುಡ್ಡು ತೆಗೆದುಕೊಂಡು ನಾಯಿ ಕೈಗೆ ತೆಗೆದುಕೊಂಡವರು ಕೇಳಬೇಕಾದ್ದನ್ನು ಕೇಳಲೇಬೇಕು. ಯಾವಾಗ ಕಚ್ಚಿತ್ತು, ಯಾರಿಗೆ, ಯಾವುದಕ್ಕೆ ಹೆದರುತ್ತದೆ, ಬಾಯಿಗೆ ಕುಕ್ಕೆ ಹಾಕಿದರೆ ಸುಮ್ಮನಿರುತ್ತದಾ. ಉತ್ತರ ಬರೆಸಿಕೊಳ್ಳಬೇಕು. ಒಮ್ಮೆ ನಾಯಿಯನ್ನು ನೋಡಿ ಬರಬೇಕು. ಸರಿಬರದಿದ್ದರೆ ಆಗಲ್ಲ ಅನ್ನಬೇಕು.

ಜರ್ಮನಿಯ ವಿಷಯ ಮೇಲೆ ಅರ್ಧವೇ ಬಂತು. ಪಕ್ಕದ 834ನೇ ಕಲಂ, ಒಪ್ಪಂದ ಮಾಡಿಕೊಂಡು ಪ್ರಾಣಿ ನೋಡಿಕೊಳ್ಳುವವರನ್ನೂ ಹೊಣೆಗೆ ಎಳೆಯುತ್ತದೆ. ತಕ್ಕ ಎಚ್ಚರ ವಹಿಸಿದ್ದೆ ಅಥವಾ ಎಚ್ಚರ ವಹಿಸಿದ್ದರೂ ಹೀಗೇ ಆಗುತ್ತಿತ್ತು ಅಂತ ತೋರಿಸಿದರೆ ಮಾತ್ರ ಬಿಡುಗಡೆ. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಮಾಲೀಕರೇ ಯಾವಾಗಲೂ ತೆರುತ್ತಾರೆ ಅಂತಾದರೆ, ಚೈನು ಬಿಗಿ ಹಿಡಿಯಲು ಸಿಟರ್‌ಗೆ ಕಾರಣವೇ ಉಳಿಯುವುದಿಲ್ಲ. ‘ಏನಾದರೂ ಆದರೆ ನಮ್ಮ ಹೊಣೆ ಅಲ್ಲ’ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಸಿಟರ್‌ಗಳೂ ಇದ್ದಾರೆ. ಆ ಕಾಗದ ಅವರಿಬ್ಬರ ನಡುವಿನದು, ದಾರಿಯಲ್ಲಿ ಹೋಗುವವರು ಅದಕ್ಕೆ ಸಹಿ ಹಾಕಿಲ್ಲ.

ನನ್ನ ವಾದ ಕುಂಟುವ ಜಾಗವೂ ಒಂದಿದೆ. ಸಂಬಳಕ್ಕಲ್ಲ, ಪ್ರೀತಿಗೆ ನಾಯಿ ನೋಡಿಕೊಳ್ಳುವವರು. ಪಕ್ಕದ ಮನೆಯ ಹದಿನಾಲ್ಕರ ಹುಡುಗ ದಿನಾ ಸಂಜೆ ಒಂದು ಸುತ್ತು ಹಾಕಿಸಿಕೊಂಡು ಬರುತ್ತಾನೆ ಅಂದುಕೊಳ್ಳಿ. ಅವನನ್ನು ಕಸುಬಿನವರ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಕಾನೂನಿಗೆ ಅಂಥ ಮುಲಾಜಿಲ್ಲ. ಇಂಗ್ಲೆಂಡಿನ 1971ರ ಪ್ರಾಣಿಗಳ ಕಾಯ್ದೆಯಲ್ಲಿ ‘ಕೀಪರ್’ ಅಂದರೆ ಮಾಲೀಕ ಮಾತ್ರ ಅಲ್ಲ, ಪ್ರಾಣಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೂ ಹೌದು. ಅವರು 16 ವರ್ಷದೊಳಗಿನವರಾದರೆ ಆ ಮನೆಯ ಯಜಮಾನರೂ ಕೀಪರ್ ಆಗುತ್ತಾರೆ. ಅಂದರೆ ಸಂಜೆ ಪೇಪರ್ ಓದುತ್ತ ಕೂತಿದ್ದ ಹುಡುಗನ ಅಪ್ಪನ ಹೆಸರೂ ದಾವೆಯಲ್ಲಿ ಬರಬಹುದು, ಆ ನಾಯಿಯನ್ನು ಅವರು ಒಮ್ಮೆಯೂ ಮುಟ್ಟಿರದಿದ್ದರೂ.