ಸ್ಪಷ್ಟನೆ: ‘ಮಡಿವಂತ’ ಅಂದರೆ ಮಡಿಯಲು ಸಿದ್ಧನಾದವನಲ್ಲ

ಕೊಪ್ಪಳದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಮಡಿವಂತ ಅಂದರೆ ಧರ್ಮಕ್ಕಾಗಿ ಪ್ರಾಣ ಕೊಡಲು ಸಿದ್ಧನಾದವನು.’ ನಾನೂ ನಂಬಿ ಇಬ್ಬರಿಗೆ ಕಳಿಸಿದ್ದೆ. ಅದು ತಪ್ಪು.

‘ಯುದ್ಧದಲ್ಲಿ ಮಡಿದರು’ ಅನ್ನುವ ಮಡಿ ಬೇರೆ. ಮಡಿವಂತನಲ್ಲಿ ಇರುವುದು ಒಗೆದ ಬಟ್ಟೆಯ ಮಡಿ, ಅಂದರೆ ಶುಚಿ. 1894ರ ಕಿಟೆಲ್ ನಿಘಂಟಿನಲ್ಲೂ ಈ ಅರ್ಥ ಇದೆ. ಬಟ್ಟೆ ಒಗೆಯುವವರನ್ನು ಮಡಿವಾಳರು ಅನ್ನುವುದು ಅದಕ್ಕೇ ಅಲ್ವಾ? 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಹೆಸರಲ್ಲೂ ಇರುವುದು ಅದೇ ಮಡಿ. ಸ್ನಾನ ಮಾಡಿ, ಒಗೆದು ಒಣಗಿಸಿದ ಬಟ್ಟೆ ಉಟ್ಟು, ಯಾರನ್ನೂ ಮುಟ್ಟದೆ ಅಡುಗೆ, ಪೂಜೆ ಮಾಡುವುದು ಮಡಿ. ಅದರ ಎದುರು ಮೈಲಿಗೆ. ಬಳ್ಳಾರಿ ಕಡೆಯ ತೆಲುಗು ಮನೆಗಳಲ್ಲೂ ಮಡಿ ಅಂದರೆ ಇದೇ.

ಹಣವಂತ, ಗುಣವಂತ ಇದ್ದ ಹಾಗೆ ಮಡಿ ಉಳ್ಳವನು ಮಡಿವಂತ. ಆಮೇಲೆ ಅರ್ಥ ಹಿಗ್ಗಿತು. ‘ಭಾಷೆಯಲ್ಲಿ ಮಡಿವಂತಿಕೆ ಬೇಡ’ ಅಂದರೆ ನೇಮಕ್ಕೆ ಜಾಸ್ತಿ ಅಂಟಿಕೊಂಡು ಹೊರಗಿನದನ್ನು ದೂರ ಇಡಬೇಡಿ ಅಂತ. ಈಗ ಈ ಬಳಕೆಯೇ ಹೆಚ್ಚು ಕಿವಿಗೆ ಬೀಳುತ್ತದೆ.

ನಾನು ಕಳಿಸಿದ ಇಬ್ಬರಿಗೂ ತಿಳಿಸಿದ್ದೇನೆ. ದಯವಿಟ್ಟು ಆ ಮೆಸೇಜನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.